ಢಾಕಾದೊಡನೆ ಆದದ್ದು ನಮ್ಮ ನಡುವೆ ಏಕಾಗಲಿಲ್ಲ?

ಹೋದ ವರ್ಷ ನಮ್ಮ ಸೀಮೆಯ ಒಂದು ಮದುವೆಯಲ್ಲಿ, ಊಟದ ಪಂಕ್ತಿಗೆ ಕಾಯುತ್ತ ಚಪ್ಪರದಡಿ ಕುಳಿತಿದ್ದಾಗ, ಮೈಸೂರು ಕಡೆಯಿಂದ ಬಂದಿದ್ದ ನೆಂಟರೊಬ್ಬರು ದೇಶದ ವಿಚಾರ ಎತ್ತಿದರು. ಅವರು ಹೇಳಿದ್ದು ಇಷ್ಟು: “ನಾಯಕ ಗಟ್ಟಿಯಾಗಿದ್ದರೆ ವಿದೇಶಾಂಗ ನೀತಿ ಗಟ್ಟಿ. ನಾಯಕ ಮೆತ್ತಗಾದರೆ ನೀತಿ ಮೆತ್ತಗೆ. ಇಷ್ಟೇ ಸ್ವಾಮಿ. ಆದರೆ ಅದೆಲ್ಲ ದಿಲ್ಲಿಯ ಮಾತು, ನಮಗೂ ನಿಮಗೂ ಅದರಲ್ಲಿ ಏನಿದೆ?” ಸುತ್ತ ಕುಳಿತವರು ತಲೆಯಾಡಿಸಿದರು. ಅಷ್ಟರಲ್ಲಿ ಎಲೆ ಹಾಕಿದರು, ಮಾತು ಅಲ್ಲಿಗೇ ನಿಂತಿತು. ಅಂದು ಆಡಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿದದ್ದರಿಂದ ಈಗ ಇಲ್ಲಿ ಬರೆಯುತ್ತಿದ್ದೇನೆ. ನೆಂಟರ ಮಾತಿನ ಮೊದಲ ಅರ್ಧ ಅರೆಸತ್ಯ. ಎರಡನೆಯ ಅರ್ಧ ಪೂರ್ತಿ ಸುಳ್ಳು. ಅದನ್ನು ನಂಬಿ ಸುಮ್ಮನೆ ಕುಳಿತಿರುವುದೇ ಗಡಿನಾಡಿನ ಕನ್ನಡಿಗರಾದ ನಮ್ಮ ದೊಡ್ಡ ತಪ್ಪು.

ನಾನಿರುವುದು ಪಣಕಹಳ್ಳಿಯಲ್ಲಿ. ತಾಳವಾಡಿ ಬೆಟ್ಟಸೀಮೆ, ಈರೋಡು ಜಿಲ್ಲೆ, ತಮಿಳುನಾಡು. ಕಾಸರಗೋಡಿನ ಓದುಗರಿಗೆ ನಮ್ಮ ಊರು ಗೊತ್ತಿರಲಾರದು, ಆದರೆ ನಮ್ಮ ಪಾಡು ಗೊತ್ತಿರುತ್ತದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡನ್ನು ಕತ್ತರಿಸಿ ಕೇರಳಕ್ಕೆ ಕೊಟ್ಟರು. ಅದೇ ದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಅದರ ಪಕ್ಕದ ನಮ್ಮ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಒಂದೇ ಕತ್ತರಿ, ಒಂದೇ ದಿನ. ನೀವು ಪಡುವಣದಲ್ಲಿ ಬಿದ್ದಿರಿ, ನಾವು ಮೂಡಣದಲ್ಲಿ. ವರನಟ ರಾಜಕುಮಾರ್ ಹುಟ್ಟಿದ ಗಾಜನೂರು ನಮ್ಮ ಸೀಮೆಯದೇ ಎಂದರೆ ಉಳಿದದ್ದು ನಿಮಗೆ ಅರ್ಥವಾದೀತು. ನಮಗೆ ಚಾಮರಾಜನಗರದ ಸಂತೆ ಹತ್ತಿರ. ಜಿಲ್ಲಾ ಕಚೇರಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಿ ಈರೋಡಿಗೆ ಅರ್ಧ ದಿನದ ಪ್ರಯಾಣ.

ವಿದೇಶಾಂಗ ನೀತಿ ದಿಲ್ಲಿಯ ಮಾತು ಎನ್ನುವವರಿಗೆ ಮೊದಲು ನನ್ನ ಮನೆಯ ಒಂದು ಕಥೆ ಹೇಳುತ್ತೇನೆ. 1991ರ ಡಿಸೆಂಬರ್. ಕಾವೇರಿ ನ್ಯಾಯಮಂಡಳಿ ಆ ವರ್ಷದ ಜೂನ್ 25ರಂದು ಮಧ್ಯಂತರ ಆದೇಶ ಕೊಟ್ಟು, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದಿತ್ತು. ಡಿಸೆಂಬರಿನಲ್ಲಿ ಅದು ಗೆಜೆಟ್ಟಿನಲ್ಲಿ ಪ್ರಕಟವಾದೊಡನೆ ಬೆಂಗಳೂರಿನಲ್ಲಿ ಗಲಭೆ ಎದ್ದಿತು. ತಮಿಳರ ಮನೆ ಅಂಗಡಿಗಳ ಮೇಲೆ ದಾಳಿಗಳಾದವು. ಪ್ರತಿಯಾಗಿ ತಮಿಳುನಾಡಿನಲ್ಲಿ ಕನ್ನಡಿಗರ ಮೇಲೆ ಆದವು. ಅದೇ ವಾರ ನಮ್ಮ ಭಾವನವರ ಕೋಸಿನ ಲಾರಿ ಮೈಸೂರಿಗೆ ಹೊರಟಿತ್ತು. ಗಡಿ ದಾಟಿ ಸ್ವಲ್ಪ ದೂರದಲ್ಲಿ ಗುಂಪೊಂದು ಅಡ್ಡಗಟ್ಟಿತು. ಲಾರಿಯ ನಂಬರು ತಮಿಳುನಾಡಿನದು. “ಅಣ್ಣ, ನಾವೂ ಕನ್ನಡದೋರೇ” ಎಂದು ಭಾವ ಅಂಗಲಾಚಿದರೂ ಗಾಜು ಉಳಿಯಲಿಲ್ಲ. ಮೂರು ದಿನ ಬಿಟ್ಟು, ಕೊಳೆಯತೊಡಗಿದ್ದ ಮಿಕ್ಕ ಮಾಲನ್ನು ಘಾಟಿ ಇಳಿಸಿ ಕೆಳಗಿನ ಮಂಡಿಗೆ ಒಯ್ದರು. ಅಲ್ಲಿ ನಂಬರು ಸರಿಯಿತ್ತು, ಆದರೆ ಅವರ ತಮಿಳಿನಲ್ಲಿ ಕನ್ನಡದ ರಾಗ ಇತ್ತು. ಮಾಲು ಇಳಿಸಿಕೊಳ್ಳದೆ ವಾಪಸು ಕಳಿಸಿದರು. ಆಚೆ ಹೋದರೆ ನಂಬರು ತಪ್ಪು, ಕೆಳಗಿಳಿದರೆ ನಾಲಿಗೆ ತಪ್ಪು. ಕೋಸನ್ನೆಲ್ಲ ದನಗಳ ಮುಂದೆ ಸುರಿದ ದಿನ ನಮ್ಮ ತಾಯಿ ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ಅಲ್ಲ ಮಗಾ, ನಾವ್ ಯಾವ ದೇಸ್ದೋರು ಅಂತ ಸರ್ಕಾರ್ದೋರು ಒಂದ್ ಚೀಟಿನಾದ್ರೂ ಬರ್ಕೊಡಬಾರ್ದಾ?”

ಓದು ಬರಹ ಬಾರದ ಮುದುಕಿ ಕೇಳಿದ ಆ ಪ್ರಶ್ನೆಯೇ ಎಲ್ಲ ವಿದೇಶಾಂಗ ನೀತಿಯ ಮೂಲ ಪ್ರಶ್ನೆ. ನಮ್ಮವರು ಯಾರು, ಹೊರಗಿನವರು ಯಾರು, ಹೊರಗಿನವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಬಿಟ್ಟರೆ ಅದರಲ್ಲಿ ಇನ್ನೇನಿದೆ? ಅದನ್ನು ತೀರ್ಮಾನಿಸುವವರು ನಾಯಕರು. ತೀರ್ಮಾನದ ಬಿಲ್ಲು ಬರುವುದು ಗಡಿಯವರ ಮನೆಗೆ.

ಈಗ ಆ ಅರೆಸತ್ಯದ ಮಾತಿಗೆ ಬರೋಣ. ನಾಯಕನ ಸ್ವಭಾವ ನೀತಿಯನ್ನು ರೂಪಿಸುತ್ತದೆ, ನಿಜ. ಆದರೆ ‘ಗಟ್ಟಿ’ ಎಂದರೆ ಏನು? ನಮ್ಮ ಜನ ಗಟ್ಟಿ ಎಂದೊಡನೆ ಮೀಸೆ ತಿರುವುವ ಗಂಡಾಳನ್ನು ನೆನೆಯುತ್ತಾರೆ. ನಾನು ನೆನೆಯುವುದು ಹಾಸನ ಜಿಲ್ಲೆಯ ಒಬ್ಬ ರೈತನ ಮಗನನ್ನು.

ಎಚ್. ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದರು. 1997ರ ಏಪ್ರಿಲ್ ತಿಂಗಳಲ್ಲಿ ಇಳಿದರು. ಹನ್ನೊಂದು ತಿಂಗಳು ತುಂಬದ ಆಡಳಿತ. ಹಲವು ಪಕ್ಷಗಳ ಕಲಸುಮೇಲೋಗರ ಸರಕಾರ, ಹೊರಗಿನಿಂದ ಕಾಂಗ್ರೆಸ್ಸಿನ ಊರುಗೋಲು. ದಿಲ್ಲಿಯ ಪತ್ರಿಕೆಗಳು ಅವರ ಇಂಗ್ಲಿಷನ್ನೂ ತೂಕಡಿಕೆಯನ್ನೂ ಹಾಸ್ಯ ಮಾಡಿದವು. ಅಂಥ ‘ಮೆತ್ತಗಿನ’ ಸರಕಾರ ಎರಡು ವಾರದೊಳಗೆ ಎರಡು ದೊಡ್ಡ ಕಾಗದಗಳನ್ನು ಮಾಡಿತು. ನವೆಂಬರ್ 29ರಂದು, ಚೀನಾದ ಅಧ್ಯಕ್ಷ ಜಿಯಾಂಗ್ ಜೆಮಿನ್ ದಿಲ್ಲಿಗೆ ಬಂದಿದ್ದಾಗ, ವಾಸ್ತವ ನಿಯಂತ್ರಣ ರೇಖೆಯಲ್ಲಿ ವಿಶ್ವಾಸ ಬೆಳೆಸುವ ಒಪ್ಪಂದ ಆಯಿತು. ರೇಖೆಯಿಂದ ಎರಡು ಕಿಲೋಮೀಟರಿನೊಳಗೆ ಯಾರೂ ಗುಂಡು ಹಾರಿಸಕೂಡದು ಎಂಬುದು ಅದರಲ್ಲಿನ ಒಂದು ಕಟ್ಟಳೆ. 2020ರ ಜೂನ್ 15ರ ರಾತ್ರಿ ಗಾಲ್ವಾನಿನಲ್ಲಿ ನಮ್ಮ 20 ಯೋಧರು ಮಡಿದಾಗಲೂ ಎರಡೂ ಕಡೆಯವರು ಬಂದೂಕು ಎತ್ತದೆ ಇದ್ದದ್ದಕ್ಕೆ ಕಾರಣವೆಂದು ಹೇಳಿದ್ದು ಆ ಕಾಗದವನ್ನೇ. ಅದರಿಂದ ಅವರ ಜೀವ ಉಳಿಯಲಿಲ್ಲ, ಆ ನೋವು ಇದ್ದೇ ಇದೆ. ಆದರೆ ಅಂದು ಫಿರಂಗಿಗಳು ಮಾತನಾಡಿದ್ದರೆ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ!

ಎರಡನೆಯದು ನೀರಿನ ಕಾಗದ. 1996ರ ಡಿಸೆಂಬರ್ 12ರಂದು ದೇವೇಗೌಡರೂ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರೂ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. ಬೆಂಗಳೂರು ಉರಿದ ಡಿಸೆಂಬರಿಗೆ ಸರಿಯಾಗಿ ಐದು ವರ್ಷ ಆಗಿತ್ತು. ಫರಕ್ಕಾದ ಅಣೆ 1975ರಲ್ಲಿ ನೀರು ತಿರುಗಿಸತೊಡಗಿದಂದಿನಿಂದ ಎರಡು ದಶಕ ಎಳೆದಾಡಿದ ಜಗಳ ಅದು. ಒಪ್ಪಂದದ ಲೆಕ್ಕ ನಮ್ಮಂಥ ರೈತರಿಗೂ ತಿಳಿಯುವಷ್ಟು ಸರಳ. ಜನವರಿಯಿಂದ ಮೇವರೆಗಿನ ಒಣಗಾಲದಲ್ಲಿ ಹತ್ತು ಹತ್ತು ದಿನಕ್ಕೆ ಲೆಕ್ಕ. ಫರಕ್ಕಾದಲ್ಲಿ ಹರಿವು 70 ಸಾವಿರ ಕ್ಯೂಸೆಕ್ ಅಥವಾ ಕಡಿಮೆ ಇದ್ದರೆ ಇಬ್ಬರಿಗೂ ಅರ್ಧರ್ಧ. 70ರಿಂದ 75 ಸಾವಿರ ಇದ್ದರೆ ಬಾಂಗ್ಲಾಕ್ಕೆ 35 ಸಾವಿರ, ಉಳಿದದ್ದು ನಮಗೆ. ಅದಕ್ಕೂ ಹೆಚ್ಚಿದ್ದರೆ ನಮಗೆ 40 ಸಾವಿರ, ಉಳಿದದ್ದು ಅವರಿಗೆ. ಅವಧಿ 30 ವರ್ಷ, ಎಂದರೆ 2026ರ ಡಿಸೆಂಬರ್‌ವರೆಗೆ. ನೀರು ಕಡಿಮೆಯಾದಾಗ ಏನು ಮಾಡಬೇಕೆಂಬುದನ್ನು, ನೀರು ಕಡಿಮೆಯಾಗುವ ಮುಂಚೆಯೇ ಬರೆದಿಟ್ಟದ್ದು ಅದರ ಜಾಣ್ಮೆ.

ಇದು ಹೇಗೆ ಸಾಧ್ಯವಾಯಿತು? ವಿದೇಶಾಂಗ ಸಚಿವ ಐ. ಕೆ. ಗುಜ್ರಾಲರು ಸಣ್ಣ ನೆರೆಯವರಿಗೆ ಕೊಡುವಾಗ ಕೊಟ್ಟಷ್ಟೇ ವಾಪಸು ಕೇಳಬಾರದು ಎಂಬ ನೀತಿ ಇಟ್ಟುಕೊಂಡಿದ್ದರು. ಪ್ರಧಾನಿ ಅದಕ್ಕೆ ಅಡ್ಡ ಬರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ತಾವೇ ಢಾಕಾಕ್ಕೆ ಹೋಗಿ ಮಾತಾಡಿ ಬಂದರು. ಕಲ್ಕತ್ತೆಯ ಬಂದರಿಗೆ ನೀರು ಸಾಲದೆಂಬ ಕೂಗು ಅವರ ರಾಜ್ಯದಲ್ಲೇ ಇತ್ತು. ಆ ಕೂಗನ್ನು ಅವರು ತಮ್ಮ ತಲೆಯ ಮೇಲೆ ಹೊತ್ತರು. ಇದಕ್ಕೆ ತದ್ವಿರುದ್ಧ ಉದಾಹರಣೆ 2011ರದು. ಪ್ರಧಾನಿ ಮನಮೋಹನ ಸಿಂಗ್ ಢಾಕಾಕ್ಕೆ ಹೊರಟಿದ್ದರು, ತೀಸ್ತಾ ನದಿಯ ಒಪ್ಪಂದ ಸಿದ್ಧವಾಗಿತ್ತು. ಕೊನೆಯ ಗಳಿಗೆಯಲ್ಲಿ ಅದೇ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಒಲ್ಲೆನೆಂದರು, ಸಹಿ ಬೀಳಲಿಲ್ಲ. ರಾಜ್ಯ ಅದೇ, ನೆರೆ ಅದೇ, ಕುರ್ಚಿಯೂ ಅದೇ. ಕುಳಿತವರು ಬೇರೆ. ಹಾಗಾಗಿ ವಿದೇಶಾಂಗ ನೀತಿ ದಿಲ್ಲಿಯ ಸೌತ್ ಬ್ಲಾಕಿನಲ್ಲಿ ಮಾತ್ರ ಹುಟ್ಟುತ್ತದೆ ಎನ್ನುವವರು ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಗಡಿರಾಜ್ಯದ ನಾಯಕ ಬೇಕೆಂದರೆ ಆಗುತ್ತದೆ, ಬೇಡವೆಂದರೆ ನಿಲ್ಲುತ್ತದೆ.

ಈಗ ನನ್ನ ತಕರಾರಿನ ನಡುಗಂಬಕ್ಕೆ ಬಂದೆ. ಢಾಕಾದೊಡನೆ ಆರು ತಿಂಗಳಲ್ಲಿ ನೀರಿನ ಪಾಲು ಮಾಡಿದ ಅದೇ ಪ್ರಧಾನಿಯ ಕಾಲದಲ್ಲಿ ಕಾವೇರಿಯದು ಏಕಾಗಲಿಲ್ಲ? ನೆನಪಿಡಿ: ಆಗ ದಿಲ್ಲಿಯಲ್ಲಿ ದೇವೇಗೌಡರು, ಬೆಂಗಳೂರಿನಲ್ಲಿ ಅವರದೇ ಜನತಾದಳದ ಜೆ. ಎಚ್. ಪಟೇಲರು, ಮದರಾಸಿನಲ್ಲಿ ಸಂಯುಕ್ತ ರಂಗದ ಪಾಲುದಾರ ಕರುಣಾನಿಧಿಯವರು. ಮೂರೂ ಕುರ್ಚಿಗಳು ಒಂದೇ ಕೂಟದವು. ಪಟೇಲರೂ ಕರುಣಾನಿಧಿಯವರೂ ಮಾತುಕತೆಗೆ ಕೂತರು, ಎದ್ದರು, ಮತ್ತೆ ಕೂತರು. ಆಗಲಿಲ್ಲ. ಮೈಸೂರು ಸಂಸ್ಥಾನ ಮತ್ತು ಮದರಾಸು ಸರಕಾರದ 1892, 1924ರ ಒಪ್ಪಂದಗಳಿಂದ ಶುರುವಾದ ಗಂಟು, 1990ರಲ್ಲಿ ನ್ಯಾಯಮಂಡಳಿಗೆ ಹೋಗಿ, 2007ರ ಫೆಬ್ರವರಿಯಲ್ಲಿ ಅಂತಿಮ ತೀರ್ಪಾಗಿ, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25 ಟಿಎಂಸಿ ಎಂದು ಇತ್ಯರ್ಥವಾಯಿತು. 28 ವರ್ಷ! ಅಷ್ಟಾದರೂ ಬರದ ವರ್ಷದಲ್ಲಿ ಯಾರು ಎಷ್ಟು ಹೊಟ್ಟೆ ಕಟ್ಟಬೇಕೆಂಬ ಲೆಕ್ಕ ಇಬ್ಬರೂ ಒಪ್ಪುವಂತೆ ಆಗಿಲ್ಲ. ಆದ್ದರಿಂದಲೇ 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು; 2023ರಲ್ಲಿ ಮತ್ತೆ ಬಂದ್ ಆಯಿತು.

ಕಾರಣ ಹೇಳಲು ಪಂಡಿತರು ಬೇಕಿಲ್ಲ. ಗಂಗೆಯ ವಿಷಯದಲ್ಲಿ ಒಬ್ಬ ಮುಖ್ಯಮಂತ್ರಿ ತನ್ನ ಹೆಸರನ್ನು ಕಾಗದದ ಕೆಳಗೆ ಇಡಲು ಹೆದರಲಿಲ್ಲ. ಕಾವೇರಿಯಲ್ಲಿ ಇಬ್ಬರೂ ಹೆದರಿದರು. ‘ಕೊಟ್ಟ’ ಎನಿಸಿಕೊಂಡರೆ ಮುಂದಿನ ಚುನಾವಣೆ ಹೋಯಿತು. ನ್ಯಾಯಾಲಯ ಕೊಡಿಸಿದರೆ ‘ನಾವು ಕೊಡಲಿಲ್ಲ, ಕಿತ್ತುಕೊಂಡರು’ ಎನ್ನಬಹುದು. ಹೊರದೇಶದವರಿಗೆ ಕೊಟ್ಟರೆ ಮುತ್ಸದ್ದಿ, ಪಕ್ಕದ ರಾಜ್ಯಕ್ಕೆ ಕೊಟ್ಟರೆ ದ್ರೋಹಿ: ಇದು ನಮ್ಮ ನಾಯಕರಿಗೆ ನಾವೇ ಕಲಿಸಿಕೊಟ್ಟ ಪಾಠ. ನಾನು ದೇವೇಗೌಡರನ್ನು ಹೊಗಳಿದ್ದೂ ಆಯಿತು, ತೆಗಳಿದ್ದೂ ಆಯಿತು. ಎರಡಕ್ಕೂ ಅವರು ಅರ್ಹರು.

ಈ ಜಗಳದ ನೀರು ಯಾವುದು ಗೊತ್ತೇ? ನಮ್ಮ ತಾಳವಾಡಿ ಬೆಟ್ಟಗಳ ಮೇಲೆ ಬಿದ್ದ ಮಳೆ ಹಳ್ಳಗಳಲ್ಲಿ ಬಡಗಣಕ್ಕೆ ಇಳಿದು ಚಾಮರಾಜನಗರದ ಚಿಕ್ಕಹೊಳೆ, ಸುವರ್ಣಾವತಿಗಳಿಗೆ ಸೇರುತ್ತದೆ. ಅಲ್ಲಿಂದ ಕೊಳ್ಳೇಗಾಲದ ಬಳಿ ಕಾವೇರಿಗೆ. ಕಾವೇರಿ ಮತ್ತೆ ತಮಿಳುನಾಡಿಗೆ. ಹುಟ್ಟಿದ್ದು ತಮಿಳುನಾಡಿನಲ್ಲಿ, ಹರಿದದ್ದು ಕರ್ನಾಟಕದಲ್ಲಿ, ಮುಟ್ಟಿದ್ದು ತಮಿಳುನಾಡನ್ನು. ಅದಕ್ಕೆ ನಂಬರು ಪ್ಲೇಟೂ ಇಲ್ಲ, ನಾಲಿಗೆಯೂ ಇಲ್ಲ. ಅದಕ್ಕೇ ಅದರ ಗಾಜು ಯಾರೂ ಒಡೆಯುವುದಿಲ್ಲ.

ನಾಯಕರ ಕಾಗದಗಳಿಂದ ಜನ ಹೇಗೆ ನಲುಗುತ್ತಾರೆ ಎಂಬುದಕ್ಕೆ ಕಾಸರಗೋಡಿನ ನೀವು ಬಹಳ ದೂರ ನೋಡಬೇಕಿಲ್ಲ. ಗಡಿ ದಾಟಿ ಸುಳ್ಯ, ಪುತ್ತೂರಿನ ಕಡೆ ಹೋಗಿ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯುವ ತಮಿಳು ಕುಟುಂಬಗಳನ್ನು ನೀವು ನೋಡಿರುತ್ತೀರಿ. ಅವರ ಅಜ್ಜಂದಿರು ಸಿಲೋನಿನ ಟೀ ತೋಟಗಳಲ್ಲಿದ್ದವರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಲ್ಲಿ 9,75,000 ಜನರ ಲೆಕ್ಕ ಹಾಕಿದರು. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ ಒಂದೂವರೆ ಲಕ್ಷದ ಮಾತು ಆಮೇಲೆ. ಆ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿಯವರೂ ಸಿರಿಮಾವೊ ಅವರೂ ಸಮಪಾಲು ಮಾಡಿಕೊಂಡರು, ತಲಾ 75,000! ಕೊಬ್ಬರಿ ಮೂಟೆ ಹಂಚಿದ ಹಾಗೆ. ಶಾಸ್ತ್ರಿಯವರು ಸಜ್ಜನರು, ಅದರಲ್ಲಿ ಎರಡು ಮಾತಿಲ್ಲ. ನೆರೆಯ ದೇಶದ ಸ್ನೇಹ ಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಮಾಡಿದರು. ಆದರೆ ಯಾವ ತೋಟದ ಕೂಲಿಯನ್ನು ಕರೆದು, ನಿನಗೆ ಯಾವ ಊರು ಬೇಕಪ್ಪ ಎಂದು ಕೇಳಿ ಆ ಅಂಕಿಗಳನ್ನು ಬರೆದರು? ತಮಿಳು ಮಾತಾಡುವ ಆ ಜನ ಕನ್ನಡನಾಡಿನಲ್ಲಿ ಅಲ್ಪಸಂಖ್ಯಾತರಾಗಿ ಬಂದಿಳಿದರು. 1991ರಲ್ಲಿ ಕಾವೇರಿಯ ಸುದ್ದಿ ರೇಡಿಯೋದಲ್ಲಿ ಬಂದ ರಾತ್ರಿ ಅವರ ಎದೆಯೂ ನಮ್ಮ ಎದೆಯ ಹಾಗೆಯೇ ಹೊಡೆದುಕೊಂಡಿರಬೇಕು. ಅವರು ನಮ್ಮ ಕನ್ನಡಿಯ ಪ್ರತಿಬಿಂಬ. ಬೆಂಗಳೂರಿನಲ್ಲಿ ತಮಿಳನೊಬ್ಬನಿಗೆ ಬಿದ್ದ ಏಟು ಸುತ್ತಿ ಬಂದು ಬೀಳುವುದು ತಾಳವಾಡಿಯ ಕನ್ನಡಿಗನ ಬೆನ್ನಿಗೆ. ಇದನ್ನು ಕನ್ನಡದ ಹೆಸರಿನಲ್ಲಿ ಕಲ್ಲೆಸೆಯುವ ವೀರರು ತಿಳಿದುಕೊಂಡರೆ ಸಾಕು, ನಮಗೆ ಅದೇ ದೊಡ್ಡ ರಕ್ಷಣೆ.

ಇನ್ನು ನಮ್ಮ ಗೆರೆ ಎಳೆದವರ ವಿಷಯ. ರಾಜ್ಯ ಪುನರ್ವಿಂಗಡಣಾ ಆಯೋಗದಲ್ಲಿ ಮೂವರು: ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್. ಕುಂಜ್ರು ಅವರು ವಿಶ್ವ ವ್ಯವಹಾರಗಳ ಭಾರತೀಯ ಮಂಡಳಿಯನ್ನು ಕಟ್ಟಿದವರಲ್ಲಿ ಒಬ್ಬರು. ಪಣಿಕ್ಕರರು ಚೀನಾಕ್ಕೂ ಈಜಿಪ್ಟಿಗೂ ರಾಯಭಾರಿಯಾಗಿದ್ದವರು. ಗಡಿ ಕೆಲಸ ಮುಗಿಸಿ ಫ್ರಾನ್ಸಿಗೆ ರಾಯಭಾರಿಯಾಗಿ ಹೋದವರು. ಮೂವರಲ್ಲಿ ಇಬ್ಬರು ವಿದೇಶ ವ್ಯವಹಾರದ ಪಂಡಿತರು! ಪಣಿಕ್ಕರರು ಮಲಯಾಳಿ ಎಂಬ ಹಳೆಯ ದೂರನ್ನು ನಾನಿಲ್ಲಿ ಎತ್ತುವುದಿಲ್ಲ, ಅದು ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವ ಗೆಳೆಯರಿಗೆ ಮಾಡುವ ಅನ್ಯಾಯ. ನನ್ನ ದೂರು ಬೇರೆ. ಪೀಕಿಂಗಿನ ಎತ್ತರದಿಂದ ಭೂಪಟ ನೋಡಿ ಅಭ್ಯಾಸವಾದ ಕಣ್ಣಿಗೆ ಕಾಸರಗೋಡಾಗಲಿ ತಾಳವಾಡಿಯಾಗಲಿ ಶೇಕಡಾವಾರು ಅಂಕಿಯಾಗಿ ಕಂಡೀತೇ ಹೊರತು ಮನೆಮಠವಾಗಿ ಕಾಣಲಾರದು. ನಿಜ ಹೇಳಬೇಕು, ಆಯೋಗ ಸೋಮಾರಿಯಾಗಿರಲಿಲ್ಲ: 104 ಊರುಗಳಿಗೆ ಹೋಯಿತು, ಒಂಬತ್ತು ಸಾವಿರ ಜನರನ್ನು ಮಾತಾಡಿಸಿತು, ಒಂದೂವರೆ ಲಕ್ಷ ಮನವಿ ಪತ್ರಗಳನ್ನು ಪಡೆಯಿತು. ಆದರೆ ಮನವಿ ಪಡೆಯುವುದು ಒಂದು, ಮತ ಕೇಳುವುದು ಇನ್ನೊಂದು. ಚಂದ್ರಗಿರಿ, ಪಯಸ್ವಿನಿಗಳ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಏನಾಯಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಮೂರು ದಶಕ ಅದನ್ನೇ ಜಪಿಸಿ ನಮ್ಮ ತಲೆಮಾರು ಮುದಿಯಾಯಿತು.

“ಜನರನ್ನು ಮನೆ ಮನೆಗೆ ಹೋಗಿ ಕೇಳುವುದು ಆಗುವ ಮಾತೇ?” ಎನ್ನುವವರಿಗೆ 2015 ಉತ್ತರ ಕೊಡುತ್ತದೆ. ಭಾರತದ 111 ತುಂಡು ನೆಲಗಳು ಬಾಂಗ್ಲಾದೇಶದೊಳಗೂ ಅವರ 51 ತುಂಡುಗಳು ನಮ್ಮೊಳಗೂ ದ್ವೀಪಗಳ ಹಾಗೆ ಸಿಕ್ಕಿಕೊಂಡಿದ್ದವು. 1974ರಲ್ಲಿ ಇಂದಿರಾ ಗಾಂಧಿಯವರೂ ಮುಜೀಬರೂ ಮಾಡಿಕೊಂಡ ಒಪ್ಪಂದ 41 ವರ್ಷ ಕಾದು, ಸಂವಿಧಾನದ 100ನೇ ತಿದ್ದುಪಡಿಯ ಮೇಲೆ, 2015ರ ಜುಲೈ 31ರ ನಡುರಾತ್ರಿ ಜಾರಿಗೆ ಬಂತು. ಅದಕ್ಕೆ ಮುಂಚೆ ಎರಡೂ ದೇಶದ ಅಧಿಕಾರಿಗಳು ಒಟ್ಟಿಗೆ ಹೋಗಿ ಪ್ರತಿ ಕುಟುಂಬವನ್ನೂ ಕೇಳಿದರು: ಯಾವ ದೇಶ ಬೇಕು? ಐವತ್ತು ಸಾವಿರ ಜನರಲ್ಲಿ ಆಚೆಯಿಂದ ಈಚೆಗೆ ಬರುತ್ತೇವೆಂದವರು ಸಾವಿರಕ್ಕೂ ಕಡಿಮೆ. ಉಳಿದವರೆಲ್ಲ ಇದ್ದ ನೆಲದಲ್ಲೇ ಉಳಿದರು. ಅಂದರೆ ಜನಕ್ಕೆ ಬೇಕಾದದ್ದು ಗೆರೆ ಬದಲಾಗುವುದಲ್ಲ. ಇದ್ದಲ್ಲಿ ಮರ್ಯಾದೆಯಿಂದ ಬಾಳುವುದು, ತಮ್ಮ ಸರಕಾರ ಯಾವುದೆಂದು ಗೊತ್ತಿರುವುದು, ಆಸ್ಪತ್ರೆಗೆ ಶಾಲೆಗೆ ಕಳ್ಳರ ಹಾಗೆ ಹೋಗಬೇಕಾಗದೆ ಇರುವುದು. ನನ್ನ ತಾಯಿ ಕೇಳಿದ ಚೀಟಿ ಅವರಿಗೆ ಸಿಕ್ಕಿತು.

ನಮಗೇನು ಸಿಕ್ಕಿತು? ವಿಗ್ರಹ ಸಿಕ್ಕಿತು. 1991ರಿಂದ ಬೆಂಗಳೂರಿನ ಹಲಸೂರಿನಲ್ಲಿ ಮುಸುಕು ಹೊದ್ದು ನಿಂತಿದ್ದ ತಿರುವಳ್ಳುವರ್ ವಿಗ್ರಹ 18 ವರ್ಷದ ಮೇಲೆ, 2009ರ ಆಗಸ್ಟ್ 9ರಂದು, ತೆರೆ ಸರಿಸಿಕೊಂಡಿತು. ನಾಲ್ಕು ದಿನ ಕಳೆದು ಚೆನ್ನೈಯಲ್ಲಿ ಸರ್ವಜ್ಞನ ವಿಗ್ರಹ ಎದ್ದಿತು. ಯಡಿಯೂರಪ್ಪನವರೂ ಕರುಣಾನಿಧಿಯವರೂ ಎರಡೂ ಕಡೆ ಕೂಡಿ ನಿಂತರು. ನಾನದನ್ನು ಗೇಲಿ ಮಾಡುವುದಿಲ್ಲ. ಕಲ್ಲೆಸೆಯುವುದಕ್ಕಿಂತ ಕಲ್ಲು ನಿಲ್ಲಿಸುವುದು ಮೇಲು. ರಾಜ್ಯಗಳೂ ವಿದೇಶಾಂಗ ನೀತಿ ನಡೆಸಬಲ್ಲವು, ಕೊಟ್ಟು ತೆಗೆದುಕೊಳ್ಳಬಲ್ಲವು ಎಂಬುದಕ್ಕೆ ಅದು ಸಾಕ್ಷಿ. ಆದರೆ ಸರ್ವಜ್ಞನಿಗೆ ಚೆನ್ನೈಯಲ್ಲಿ ಜಾಗ ಸಿಕ್ಕ ವರ್ಷ, ಸರ್ವಜ್ಞನ ವಚನ ಕಲಿಸಬೇಕಾದ ಕನ್ನಡ ಮೇಷ್ಟ್ರ ಜಾಗ ನಮ್ಮ ಸೀಮೆಯ ಒಂದು ಶಾಲೆಯಲ್ಲಿ ಖಾಲಿಯಿತ್ತು. ನನ್ನ ತಮ್ಮನ ಮಗಳು ಆ ವರ್ಷ ಕನ್ನಡವನ್ನು ಕಲಿತದ್ದು ಅಜ್ಜಿಯ ಬಾಯಿಂದ. 2006ರ ಕಾಯಿದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. 2017ರ ಕಾಯಿದೆಯಿಂದ ಕೇರಳದಲ್ಲಿ ಮಲಯಾಳ. ಇರುವ ನಾಡಿನ ಭಾಷೆ ಕಲಿಯುವುದು ನಮ್ಮ ಮಕ್ಕಳಿಗೆ ಒಳ್ಳೆಯದೇ, ನಾನೂ ತಮಿಳು ಓದಿ ಬರೆಯಬಲ್ಲೆ. ಕಲಿಸುವ ಉತ್ಸಾಹದ ಕಾಲು ಭಾಗ ನಮ್ಮದನ್ನು ಉಳಿಸುವುದಕ್ಕೂ ಇರಲಿ ಎಂದರೆ ತಪ್ಪೇ?

ಬಲಿಷ್ಠ ಕನ್ನಡಿಗನೊಬ್ಬ ದಿಲ್ಲಿಗೆ ಹೋದರೆ ನಮ್ಮ ಉದ್ಧಾರ ಆದೀತೆಂದು ಕಾಯುವವರು ನಮ್ಮಲ್ಲಿ ಇದ್ದಾರೆ. ಅವರಿಗೂ ಒಂದು ಮಾತು. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜಕುಮಾರ್ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ. 108 ದಿನ. ಆ 108 ದಿನವೂ ಇಲ್ಲಿನ ಕನ್ನಡಿಗರೂ ಬೆಂಗಳೂರಿನ ತಮಿಳರೂ ಉಸಿರು ಬಿಗಿಹಿಡಿದು ಬದುಕಿದೆವು. ಆಗ ಕರ್ನಾಟಕದ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ. ಎರಡು ಸರಕಾರಗಳು ಒಬ್ಬ ಕಾಡುಗಳ್ಳನ ಬಳಿಗೆ ರಾಯಭಾರಿಯನ್ನು ಕಳಿಸಿದವು! ಅದೇ ಕೃಷ್ಣ ಅವರು 2009ರಿಂದ 2012ರವರೆಗೆ ದೇಶದ ವಿದೇಶಾಂಗ ಸಚಿವರಾದರು. 2012ರ ಸೆಪ್ಟೆಂಬರಿನಲ್ಲಿ ಇಸ್ಲಾಮಾಬಾದಿಗೆ ಹೋಗಿ, ವಯಸ್ಸಾದವರಿಗೆ ವಾಘಾ ಗಡಿಯಲ್ಲೇ ವೀಸಾ ಕೊಡುವಂಥ ಉದಾರ ಒಪ್ಪಂದ ಮಾಡಿಬಂದರು. ಪಾಕಿಸ್ತಾನದ ಗಡಿಯ ಮುದುಕರ ಕಷ್ಟ ಕಂಡ ಆ ಕಣ್ಣಿಗೆ ಗಾಜನೂರಿನ ಗಡಿಯ ಮುದುಕಿ ಕಾಣಲಿಲ್ಲ. ಅವರು ಕೆಟ್ಟವರೆಂದಲ್ಲ. ನಮ್ಮ ವಿಷಯ ಯಾವ ಇಲಾಖೆಯ ಫೈಲಿನಲ್ಲೂ ಇಲ್ಲ, ಅಷ್ಟೇ. ನಾಯಕ ಎಷ್ಟೇ ನಮ್ಮವನಾದರೂ ಫೈಲಿಲ್ಲದ್ದು ಅವನ ಮೇಜಿಗೆ ಬರುವುದಿಲ್ಲ.

ಹಾಗಾದರೆ ನಾವು ಕೇಳಬೇಕಾದದ್ದೇನು? ಗೆರೆ ಬದಲಾಯಿಸಿ ಎಂದು ನಾನು ಕೇಳುವುದಿಲ್ಲ. ಒಂದು ಕಾಗದ ಕೇಳುತ್ತೇನೆ. ಅದಕ್ಕೆ ಪೂರ್ವ ಉದಾಹರಣೆ ಇದೆ. 1950ರ ಏಪ್ರಿಲ್ 8ರಂದು, ರಕ್ತ ಇನ್ನೂ ಆರಿರದ ಹೊತ್ತಿನಲ್ಲಿ, ನೆಹರೂ ಅವರೂ ಪಾಕಿಸ್ತಾನದ ಲಿಯಾಕತ್ ಅಲಿ ಖಾನರೂ ದಿಲ್ಲಿಯಲ್ಲಿ ಕುಳಿತು, ತಮ್ಮ ತಮ್ಮ ನೆಲದ ಅಲ್ಪಸಂಖ್ಯಾತರ ಪ್ರಾಣ, ಆಸ್ತಿ, ಮರ್ಯಾದೆಗೆ ತಾವೇ ಹೊಣೆ ಎಂದು ಬರೆದುಕೊಟ್ಟರು. ಅಲ್ಪಸಂಖ್ಯಾತರ ಆಯೋಗಗಳನ್ನು ನೇಮಿಸಲು ಒಪ್ಪಿದರು. ಅದನ್ನು ಒಪ್ಪದೆ ಶ್ಯಾಮಪ್ರಸಾದ ಮುಖರ್ಜಿಯವರೂ ಕೆ. ಸಿ. ನಿಯೋಗಿಯವರೂ ಮಂತ್ರಿ ಪದವಿ ಬಿಟ್ಟರು. ಒಪ್ಪಂದ ಎಷ್ಟು ಪಾಲನೆಯಾಯಿತು ಎಂಬ ವಾದ ಇಂದಿಗೂ ಇದೆ, ಮುಖರ್ಜಿಯವರ ಅನುಮಾನ ಪೂರಾ ಹುಸಿಯಾಯಿತೆಂದು ಯಾರೂ ಹೇಳಲಾರರು. ಆದರೂ ಕೇಳುತ್ತೇನೆ: ಶತ್ರುಗಳಾದ ಎರಡು ದೇಶಗಳು ಬರೆದುಕೊಂಡ ಕಾಗದವನ್ನು ಒಂದೇ ತಾಯಿಯ ಮಕ್ಕಳೆನ್ನುವ ಕರ್ನಾಟಕ, ತಮಿಳುನಾಡು, ಕೇರಳಗಳು ಏಕೆ ಬರೆದುಕೊಂಡಿಲ್ಲ?

ಕೂರಲು ಮೇಜು ಇಲ್ಲವೆಂದು ಯಾರೂ ನೆಪ ಹೇಳುವಂತಿಲ್ಲ. ನಮ್ಮನ್ನು ಕತ್ತರಿಸಿದ 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯೇ ವಲಯ ಮಂಡಳಿಗಳನ್ನೂ ಹುಟ್ಟಿಸಿತು. ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ ಇವುಗಳನ್ನು ಅಲ್ಲಿ ಚರ್ಚಿಸಬಹುದೆಂದು ಆ ಕಾಯಿದೆಯ 21ನೇ ಕಲಮು ಹೆಸರಿಟ್ಟು ಹೇಳುತ್ತದೆ. ಕತ್ತರಿ ಹಿಡಿದವರು ಸೂಜಿಯನ್ನೂ ಪಕ್ಕದಲ್ಲಿ ಇಟ್ಟೇ ಹೋಗಿದ್ದಾರೆ, ನೂಲು ಪೋಣಿಸುವವರಿಲ್ಲ. ದಕ್ಷಿಣ ವಲಯ ಮಂಡಳಿಯಲ್ಲಿ ಮೂವರು ಮುಖ್ಯಮಂತ್ರಿಗಳು ಕುಳಿತು ಮೂರು ಸಾಲು ಬರೆಯಲಿ. ಒಂದು: ನೀರಿನ ಜಗಳವಾಗಲಿ ಗಡಿಯ ಜಗಳವಾಗಲಿ ಎದ್ದಾಗ, ಗಡಿಸೀಮೆಯ ಜನ, ವಾಹನ, ಮಾಲಿನ ರಕ್ಷಣೆಗೆ ಎರಡೂ ಕಡೆಯ ಜಿಲ್ಲಾಧಿಕಾರಿಗಳು ಜಂಟಿಯಾಗಿ ಹೊಣೆ, ಒಡೆದ ಗಾಜಿಗೆ ಪರಿಹಾರ ಒಡೆದ ರಾಜ್ಯದ್ದು. ಎರಡು: ಅಲ್ಪಸಂಖ್ಯಾತ ಶಾಲೆಗಳ ಮೇಷ್ಟ್ರ ಜಾಗ ಖಾಲಿ ಬಿದ್ದರೆ ನೆರೆ ರಾಜ್ಯದಿಂದ ಎರವಲು ಪಡೆಯಬಹುದು; ತಾಳವಾಡಿಗೆ ಕನ್ನಡದವರು, ಸುಳ್ಯದ ತೋಟಗಳಿಗೆ ತಮಿಳಿನವರು, ಮಂಜೇಶ್ವರ ಕಾಸರಗೋಡಿಗೆ ಕನ್ನಡದವರು. ಮೂರು: ಈ ಮಾತುಗಳು ನಡೆಯುವಾಗ ಗಡಿಯವರೇ ಕೆಲವರು ಅದೇ ಮೇಜಿನಲ್ಲಿ ಕುಳಿತಿರಬೇಕು. ಇವು ಮೂರಕ್ಕೂ ಒಂದು ಟಿಎಂಸಿ ನೀರು ಖರ್ಚಾಗುವುದಿಲ್ಲ, ಒಂದು ಗೇಣು ನೆಲ ಹೋಗುವುದಿಲ್ಲ.

ಮಾಡುವ ನಾಯಕನಿಗೆ ಬೇಕಾದದ್ದು ಬಸು ಅವರಂಥ ತಲೆ: ‘ಕೊಟ್ಟ’ ಎಂಬ ಬೈಗುಳವನ್ನು ಹೊರುವ ತಲೆ. ಅಂಥ ತಲೆಯನ್ನು ಸಾಕಬೇಕಾದವರು ನಾವು. ಮತ ಕೇಳಲು ಬಂದವರನ್ನು ರಸ್ತೆ ಹಾಕಿಸುತ್ತೀರಾ ಎಂದು ಕೇಳುವ ಜೊತೆಗೆ, ಪಕ್ಕದ ರಾಜ್ಯದೊಡನೆ ನಿಮ್ಮ ನೀತಿ ಏನೆಂದೂ ಕೇಳಬೇಕು. ಕೇಳದವರ ಫೈಲು ತೆರೆಯುವುದಿಲ್ಲ.

ನಮ್ಮ ಸೀಮೆಯ ಗುಮಟಾಪುರದಲ್ಲಿ ದೀಪಾವಳಿಯ ಮರುದಿನ ಗೊರೆಹಬ್ಬ ನಡೆಯುತ್ತದೆ. ಸಗಣಿಯ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆಯುವ ಹಬ್ಬ. ಗಡಿಯ ಎರಡೂ ಕಡೆಯಿಂದ ಜನ ಬರುತ್ತಾರೆ. ಅದಕ್ಕೆ ಮುಂಚೆ ಚಾಡಿಕೋರನ ವೇಷದವನನ್ನು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತಾರೆ. ಎಸೆದಾಟ ಮುಗಿದ ಮೇಲೆ ಎಲ್ಲರೂ ಒಂದೇ ಕೆರೆಯಲ್ಲಿ ಮೈ ತೊಳೆದುಕೊಳ್ಳುತ್ತಾರೆ. ನಮ್ಮ ರಾಜ್ಯಗಳೂ ಬೇಕಾದಷ್ಟು ಎಸೆದಾಡಿದ್ದಾಯಿತು. ಕತ್ತೆ ಏರಬೇಕಾದ ಚಾಡಿಕೋರ ಯಾರೆಂದು ಹಳ್ಳಿಯವರಿಗೆ ಗೊತ್ತು. ಕೆರೆಗೆ ಇಳಿಯುವ ಹೊತ್ತು ಯಾವಾಗ ಎಂಬುದಷ್ಟೇ ನನ್ನ ಪ್ರಶ್ನೆ. ತಾಯಿ ತೀರಿಕೊಂಡು ವರ್ಷಗಳಾದವು. ಚೀಟಿ ಇನ್ನೂ ಬಂದಿಲ್ಲ.